ಬೋಧದೃಶ್ಯದಲ್ಲಿ ಕೇಳುವವನ ಪಾತ್ರ
(ಶೂನ್ಯಸಂಪಾದನೆಯ ಸಂವಾದಗಳನ್ನು ರಂಗದ ಮೇಲೆ ತರುವವರಿಗೂ ನೋಡುವವರಿಗೂ)

ಲೋಕದಲ್ಲಿ ಉಪದೇಶವು ಮೂರು ಬಗೆಯಾಗಿ ನಡೆಯುವುದೆಂದು ಆಲಂಕಾರಿಕರು ವಿಭಾಗಿಸಿರುವರು. ಒಡೆಯನು ಆಳಿಗೆ ಅಪ್ಪಣೆ ಕೊಡುವಂತೆ ಶಾಸ್ತ್ರವು ವಿಧಿಸುವುದು ಪ್ರಭುಸಮ್ಮಿತ. ಗೆಳೆಯನು ಹಿತವನ್ನು ತಿಳಿಸುವಂತೆ ಪುರಾಣೇತಿಹಾಸಗಳು ಹೇಳುವುದು ಮಿತ್ರಸಮ್ಮಿತ. ಪ್ರೀತಿಯ ಮಡದಿಯು ಪತಿಯ ಮನವೊಲಿಸಿ ತಿದ್ದುವಂತೆ ಕಾವ್ಯವು ಬೋಧಿಸುವುದು ಕಾಂತಾಸಮ್ಮಿತ. ಮಮ್ಮಟನ ಕಾವ್ಯಪ್ರಕಾಶವನ್ನು ಓದಿದವರಿಗೆ ಈ ವಿಭಾಗವು ಸುವಿದಿತವೇ ಆಗಿದೆ. ಆದರೆ ಅಲ್ಲಿ ಮಡದಿಯೆಂಬುದು ಕೇವಲ ಉಪಮಾನ. ಕಾವ್ಯದ ಮಾಧುರ್ಯವನ್ನು ಹೇಳುವುದಕ್ಕೆ ಆಕೆಯ ಹೆಸರು ಬಂದಿದೆಯೇ ಹೊರತು, ಆಕೆಯೇ ಎದುರಿಗೆ ನಿಂತು ಬೋಧಿಸಿದ್ದನ್ನು ಯಾರೂ ತೋರಿಸಲಿಲ್ಲ. ಹಾಗೆ ತೋರಿಸಿದ ಗ್ರಂಥವೊಂದು ಕನ್ನಡದಲ್ಲಿದೆ. ಅದೇ ಶೂನ್ಯಸಂಪಾದನೆ.

12ನೆಯ ಶತಮಾನದ ಶಿವಶರಣರು ಬೇರೆ ಬೇರೆ ಸಂದರ್ಭಗಳಲ್ಲಿ ನುಡಿದ ವಚನಗಳನ್ನು ಆಯ್ದು, ಅವುಗಳನ್ನು ಪ್ರಶ್ನೋತ್ತರಗಳಾಗಿ ಹೊಂದಿಸಿ, ನಡುವೆ ಕಿರಿದಾದ ಗದ್ಯವನ್ನು ಹೆಣೆದು, ಅಲ್ಲಮಪ್ರಭುದೇವರ ಚರಿತ್ರೆಯೆಂಬ ದಾರದಲ್ಲಿ ಪೋಣಿಸಿದ ಗ್ರಂಥವದು. ಮೊದಲು 15ನೆಯ ಶತಮಾನದಲ್ಲಿ ಶಿವಗಣಪ್ರಸಾದಿ ಮಹಾದೇವಯ್ಯನವರು ಇದನ್ನು ಸಂಕಲಿಸಿದರು. ತರುವಾಯ ಹಲಗೆಯದೇವರು, ಗುಮ್ಮಳಾಪುರದ ಸಿದ್ಧಲಿಂಗದೇವರು, ಗೂಳೂರು ಸಿದ್ಧವೀರಣ್ಣೊಡೆಯರು ತಮ್ಮ ತಮ್ಮ ದೃಷ್ಟಿಯಂತೆ ಅದನ್ನು ಬೆಳೆಸಿದರು. ಈ ಗ್ರಂಥಕ್ಕೂ ಹುಬ್ಬಳ್ಳಿ-ಧಾರವಾಡಗಳಿಗೂ ನಿಕಟವಾದ ಸಂಬಂಧವುಂಟು. ತಾಳೆಗರಿಗಳಲ್ಲಿ ಅಡಗಿದ್ದ ವಚನವಾಙ್ಮಯವನ್ನು ಅಚ್ಚಿನ ಬೆಳಕಿಗೆ ತರುವುದಕ್ಕಾಗಿ ತಮ್ಮ ಬಾಳನ್ನೇ ಸವೆಸಿದ ಫ. ಗು. ಹಳಕಟ್ಟಿಯವರು (1880–1964) ಹುಟ್ಟಿದುದು ಧಾರವಾಡದಲ್ಲಿ. ಕರ್ನಾಟಕ ವಿಶ್ವವಿದ್ಯಾಲಯವು 1965ರಿಂದ 1972ರವರೆಗೆ ಐದು ಸಂಪುಟಗಳಲ್ಲಿ ಈ ಗ್ರಂಥವನ್ನು ಇಂಗ್ಲಿಷ್ ಅನುವಾದಸಹಿತ ಪ್ರಕಟಿಸಿದುದೂ ಧಾರವಾಡದಿಂದಲೇ. ನಂದೀಮಠ, ಮೆನೆಜಿಸ್, ಹಿರೇಮಠ, ಭೂಸನೂರಮಠ, ಸುಂಕಾಪುರ ಮುಂತಾದ ವಿದ್ವಾಂಸರು ಆ ಕಾರ್ಯದಲ್ಲಿ ದುಡಿದರು.

ಹೀಗಿದ್ದರೂ ಬಹುಜನ ಗೃಹಸ್ಥರು ಈ ಗ್ರಂಥವನ್ನು ಕಾಣುವುದು ಪುಸ್ತಕದಲ್ಲಲ್ಲ, ರಂಗದ ಮೇಲೆ. ಹರ್ಡೇಕರ ಮಂಜಪ್ಪನವರು 1913ರಲ್ಲಿ ದಾವಣಗೆರೆಯಲ್ಲಿ ಬಸವಜಯಂತಿಯ ಸಾರ್ವಜನಿಕ ಉತ್ಸವವನ್ನು ಆರಂಭಿಸಿದ ಮೇಲೆ ಊರೂರುಗಳಲ್ಲಿ ಶರಣರ ರೂಪಕಗಳನ್ನಾಡುವ ರೂಢಿ ಬೆಳೆಯಿತು. ವೃತ್ತಿರಂಗಭೂಮಿಯಲ್ಲಿ ಬಸವಣ್ಣನವರ ಪಾತ್ರದಿಂದ ಮನೆಮಾತಾದ ಏಣಗಿ ಬಾಳಪ್ಪನವರು (1914–2017) ಧಾರವಾಡದ ನೆರೆಯ ಸವದತ್ತಿ ಸೀಮೆಯವರು. ಸಾಣೇಹಳ್ಳಿಯ ಶಿವಸಂಚಾರವು 1997ರಿಂದ ನಾಡಿನುದ್ದಕ್ಕೂ ತಿರುಗಿ ನಾಟಕಗಳನ್ನಾಡುತ್ತ ಬಂದಿದೆ. ಮಠದ ಶಾಲೆಗಳಲ್ಲಿ, ಓಣಿಯ ಚಪ್ಪರಗಳಲ್ಲಿ ಬಾಲಕ ಬಾಲಿಕೆಯರು ಕಾವಿ ಉಟ್ಟು, ವಿಭೂತಿ ಧರಿಸಿ ಅನುಭವಮಂಟಪವನ್ನು ಅಭಿನಯಿಸುತ್ತಾರೆ. ನೋಡಿದವರು ಸಂತೋಷಪಡುತ್ತಾರೆ. ಆದರೆ ಆ ಸಂತೋಷವು ಮನೆಯ ಹೊಸ್ತಿಲನ್ನು ದಾಟಿ ಒಳಗೆ ಬರುವುದೇ? ಬಾರದಿದ್ದರೆ ಕಾರಣವೇನು? ಇದನ್ನು ವಿಚಾರಿಸುವುದೇ ಪ್ರಕೃತ ಲೇಖನದ ಉದ್ದೇಶ.

ರೂಢಿಯ ದೋಷ

ಸಾಮಾನ್ಯವಾಗಿ ನಡೆಯುವ ರೂಪಕಗಳಲ್ಲಿ ಒಂದು ದೋಷವು ಎದ್ದು ಕಾಣುವುದು. ಬೋಧಿಸುವ ಪಾತ್ರಕ್ಕೆ ಶಾಲೆಯಲ್ಲಿಯೇ ಕಂಠ ಚೆನ್ನಾಗಿರುವ ಹುಡುಗನನ್ನು ಆರಿಸುತ್ತಾರೆ. ಕೇಳುವ ಪಾತ್ರಕ್ಕೆ ಉಳಿದವರಲ್ಲಿ ಯಾರಾದರೂ ಆದೀತು. ಒಬ್ಬನು ಪ್ರೇಕ್ಷಕರ ಕಡೆಗೆ ಮುಖಮಾಡಿ, ಕೈಯೆತ್ತಿ ವಚನವನ್ನು ಹೇಳುತ್ತಾನೆ; ಇನ್ನೊಬ್ಬನು ಕೈಮುಗಿದು ನಿಂತು ತಲೆಯಾಡಿಸುತ್ತಾನೆ. ವಚನ ಮುಗಿದ ಕೂಡಲೆ "ಧನ್ಯನಾದೆ" ಎಂದು ಅಡ್ಡಬೀಳುತ್ತಾನೆ. ಪರದೆ ಬೀಳುತ್ತದೆ. ಅಲ್ಲಿ ಇಬ್ಬರು ಇದ್ದಂತೆ ತೋರಿದರೂ ವಾಸ್ತವವಾಗಿ ಇದ್ದವನು ಒಬ್ಬನೇ. ಕೇಳುವವನು ಮೊದಲೇ ಒಪ್ಪಿಕೊಂಡು ಬಂದಿದ್ದಾನೆ. ಒಪ್ಪಿಕೊಂಡು ಬಂದವನಿಗೆ ಕಲಿಯುವುದೇನಿದೆ? ಕಲಿಯುವುದಿಲ್ಲದ ಮೇಲೆ ಕಲಿಸುವುದೆಲ್ಲಿ?

ಸಂಕಲನಕಾರರ ಉದ್ದೇಶವು ಹೀಗಿರಲಿಲ್ಲ. ಬಿಡಿಯಾಗಿದ್ದ ವಚನಕ್ಕೆ ಅವರು ಮಾಡಿದ ದೊಡ್ಡ ಉಪಕಾರವೆಂದರೆ ಅದಕ್ಕೊಬ್ಬ ಕೇಳುವವನನ್ನು ಕೊಟ್ಟುದು. ಒಂದೇ ವಚನವನ್ನು ಪೂಜೆಯ ಕೋಣೆಯಲ್ಲಿ ಒಬ್ಬರೇ ಹಾಡಿಕೊಂಡರೆ ಅದು ಪ್ರಾರ್ಥನೆ. ಕೋಪಗೊಂಡವನ ಎದುರಿಗೆ ನುಡಿದರೆ ಸಮಾಧಾನ. ಸಂಶಯಪಡುವವನ ಎದುರಿಗೆ ನುಡಿದರೆ ಉತ್ತರ. ಮಾತಿನ ಅರ್ಥವನ್ನು ಅರ್ಧ ಆಡಿದವನು ನಿರ್ಣಯಿಸಿದರೆ, ಉಳಿದರ್ಧವನ್ನು ಕೇಳುವವನ ಸ್ಥಿತಿಯು ನಿರ್ಣಯಿಸುತ್ತದೆ. ಆದಕಾರಣ ಶೂನ್ಯಸಂಪಾದನೆಯ ಯಾವ ಪ್ರಸಂಗವನ್ನಾದರೂ ಆಡಹೊರಟವರು ಮೊದಲು ಕೇಳಿಕೊಳ್ಳತಕ್ಕ ಪ್ರಶ್ನೆ "ಗುರುವು ಏನು ಹೇಳಿದನು?" ಎಂಬುದಲ್ಲ, "ಕೇಳಿದವನು ಏನನ್ನು ಬಿಡಬೇಕಾಯಿತು?" ಎಂಬುದು. ಬೋಧದೃಶ್ಯದ ನಾಯಕನು ಕೇಳುವವನೇ ಎಂಬ ಮಾತು ಮೊದಲ ನೋಟಕ್ಕೆ ವಿಪರೀತವೆಂದು ತೋರಬಹುದು. ಕೆಲವು ಪ್ರಸಂಗಗಳನ್ನು ಪರಿಶೀಲಿಸಿದರೆ ಅದರ ಯಥಾರ್ಥವು ತಿಳಿಯುವುದು.

ಮೂರು ನಿದರ್ಶನಗಳು

ಮೊದಲನೆಯದು ಸೊನ್ನಲಿಗೆಯ ಪ್ರಸಂಗ. ಸಿದ್ಧರಾಮೇಶ್ವರರು ಕೆರೆಯನ್ನು ಕಟ್ಟಿಸುತ್ತ, ಗುಡಿಗಳನ್ನು ಎತ್ತಿಸುತ್ತ ಲೋಕೋಪಕಾರದಲ್ಲಿ ಮುಳುಗಿದ್ದಾರೆ. ಅಲ್ಲಿಗೆ ಬಂದ ಪ್ರಭುದೇವರು ಅವರನ್ನು ಮಣ್ಣು ಹೊರುವ ಒಡ್ಡನೆಂಬಂತೆ ಹೆಸರಿಟ್ಟು ಕರೆಯುತ್ತಾರೆ. ಕೆಲಸಗಾರರು ರೇಗಿ ಕಲ್ಲು ಬೀರುತ್ತಾರೆ. ಕಲ್ಲುಗಳು ಪ್ರಭುದೇವರನ್ನು ಮುಟ್ಟುವುದಿಲ್ಲ. ಸುದ್ದಿ ಕೇಳಿ ಬಂದ ಸಿದ್ಧರಾಮರ ಕೋಪವು ಹಣೆಗಣ್ಣಿನ ಉರಿಯಾಗಿ ಹೊರಡುತ್ತದೆ. ಅದೂ ಪ್ರಭುವಿನ ಮುಂದೆ ತಣ್ಣಗಾಗುತ್ತದೆ. ರಂಗದ ಮೇಲೆ ಇದನ್ನು ಆಡುವವರು ಉರಿಯನ್ನು ತೋರಿಸುವುದಕ್ಕೆ ಬಹಳ ಶ್ರಮಪಡುತ್ತಾರೆ. ಪ್ರಸಂಗದ ಜೀವಾಳವು ಉರಿಯಲ್ಲಿಲ್ಲ. ಉರಿ ಅಡಗಿದ ಮರುಕ್ಷಣದಲ್ಲಿ ಸಿದ್ಧರಾಮರು ತಮ್ಮ ಜನರೆಲ್ಲರ ಎದುರಿಗೆ, ತಾವೇ ಕಟ್ಟಿಸುತ್ತಿದ್ದ ಕೆರೆಯ ದಂಡೆಯ ಮೇಲೆ, ಏನು ಮಾಡಬೇಕೆಂದು ತೋಚದೆ ನಿಂತರಲ್ಲ, ಅಲ್ಲಿದೆ. ಸಾವಿರಾರು ಜನರಿಂದ ದೇವರೆನಿಸಿಕೊಂಡವನಿಗೆ ಆ ಜನರ ಎದುರಿನಲ್ಲಿಯೇ ಶಿಷ್ಯನಾಗುವುದು ಎಷ್ಟು ಕಠಿಣ! ಆ ಕಾಠಿಣ್ಯವನ್ನು ತೋರಿಸದೆ ಅವರ ದೊಡ್ಡಸ್ತಿಕೆಯನ್ನು ತೋರಿಸುವುದು ಸಾಧ್ಯವಿಲ್ಲ.

ಎರಡನೆಯದು ಮುಕ್ತಾಯಕ್ಕನವರ ಪ್ರಸಂಗ. ಗದಗದ ಬಳಿಯ ಲಕ್ಕುಂಡಿಯವರೆಂದು ಪ್ರತೀತಿಯಿರುವ ಈ ಶರಣೆಗೆ ಅಜಗಣ್ಣನು ಒಡಹುಟ್ಟಿದವನೂ ಹೌದು, ಗುರುವೂ ಹೌದು. ತನ್ನ ಭಕ್ತಿಯನ್ನು ಯಾರಿಗೂ ಕಾಣಗೊಡದೆ ಬಾಳಿದ ಆತನು ಲಿಂಗೈಕ್ಯನಾದಾಗ ಅಕ್ಕನವರು ದುಃಖದಲ್ಲಿ ಮುಳುಗಿ ಕುಳಿತಿದ್ದಾರೆ. ಸಂತೈಸಲು ಬಂದ ಪ್ರಭುದೇವರ ಮಾತನ್ನು ಅವರು ಸುಲಭವಾಗಿ ಒಪ್ಪುವುದಿಲ್ಲ. ಅರಿವು ನೆಲೆಗೊಂಡಿದ್ದರೆ ಇಷ್ಟು ಮಾತೇಕೆ ಎಂಬ ಅರ್ಥದಲ್ಲಿ ಗುರುವನ್ನೇ ಪರೀಕ್ಷಿಸುತ್ತಾರೆ. ಇಲ್ಲಿ ಕೇಳುವವರು ಅಳುತ್ತಲೇ ವಾದಿಸುವವರು. ಅವರ ಒಂದೊಂದು ಪ್ರಶ್ನೆಯೂ ಪ್ರಭುದೇವರನ್ನು ಇನ್ನೊಂದು ಮೆಟ್ಟಿಲು ಮೇಲಕ್ಕೆ ಕರೆದೊಯ್ಯುತ್ತದೆ. ಅಕ್ಕನವರ ಪಾತ್ರವು ದುರ್ಬಲವಾದರೆ ಪ್ರಭುದೇವರ ಪಾತ್ರವೂ ಕೆಳಮೆಟ್ಟಿಲಲ್ಲಿಯೇ ಉಳಿಯುತ್ತದೆ.

ಮೂರನೆಯದು ನುಲಿಯ ಚಂದಯ್ಯನವರದು. ಕೆರೆಯಲ್ಲಿ ಹುಲ್ಲು ಕೊಯ್ಯುವಾಗ ಅವರ ಇಷ್ಟಲಿಂಗವು ಜಾರಿಬೀಳುತ್ತದೆ. ಹಗ್ಗ ಹೊಸೆದು ಮಾರಿ ಜಂಗಮದಾಸೋಹ ಮಾಡುವ ಅವರು, ಕಾಯಕವನ್ನು ನಿಲ್ಲಿಸಲಾರೆನೆಂದು ಲಿಂಗವನ್ನೂ ಬಿಟ್ಟು ಮುನ್ನಡೆಯುತ್ತಾರೆ. ಗುರುವಿಗಾಗಲಿ ಲಿಂಗಕ್ಕಾಗಲಿ ಜಂಗಮಕ್ಕಾಗಲಿ ಕಾಯಕವು ತಪ್ಪದೆಂಬುದು ಅವರ ನಿಲುವು. ಮಡಿವಾಳ ಮಾಚಯ್ಯನವರೂ ಪ್ರಭುದೇವರೂ ಅವರಿಗೆ ತಿಳಿಯಹೇಳುವರು. ಅವರ ನಿಷ್ಠೆಯಿಂದ ಉಳಿದವರೂ ಕಲಿಯುವರು. ಪಾಠವು ಎರಡು ಕಡೆಗೂ ಹರಿಯುವ ಪ್ರಸಂಗವಿದು. ಕೇಳುವವನು ಹಟವಾದಿಯೆಂದು ತೋರಿಸಿದರೆ ಅಪಚಾರವಾದೀತು. ತಪ್ಪನ್ನು ತಿದ್ದಿಕೊಳ್ಳುವುದಕ್ಕಿಂತ ತನ್ನಲ್ಲಿರುವ ಒಳ್ಳೆಯ ಗುಣದ ಅತಿಯನ್ನು ತಿದ್ದಿಕೊಳ್ಳುವುದು ಕಷ್ಟವೆಂಬುದನ್ನು ನಟನು ಇಲ್ಲಿ ಮನಗಾಣಬೇಕು.

ಆಯ್ದಕ್ಕಿಯ ಪ್ರಸಂಗ

ಸಿದ್ಧರಾಮರು ಬಿಟ್ಟುದು ಹೆಸರನ್ನು. ಮುಕ್ತಾಯಕ್ಕನವರು ಬಿಟ್ಟುದು ಶೋಕವನ್ನು. ಚಂದಯ್ಯನವರು ಬಿಟ್ಟುದು ಏಕಪಕ್ಷದ ನಿಷ್ಠೆಯನ್ನು. ಇವೆಲ್ಲವೂ ಮಹಾಪುರುಷರ ವಿಷಯ, ಸಂಸಾರಿಗಳಾದವರಿಗೆ ದೂರವೆಂದು ಯಾರಾದರೂ ಭಾವಿಸಿಯಾರು. ಅಂಥವರಿಗಾಗಿಯೇ ಆಯ್ದಕ್ಕಿ ಮಾರಯ್ಯ-ಲಕ್ಕಮ್ಮನವರ ಪ್ರಸಂಗವಿದೆ. ಇದರಲ್ಲಿ ಗುರುವು ಮಡದಿ, ಶಿಷ್ಯನು ಗಂಡ, ಪಾಠಶಾಲೆ ಅಡಿಗೆಯ ಮನೆ, ಪಾಠದ ವಸ್ತು ಒಂದು ಗಂಟು ಅಕ್ಕಿ.

ಇಂದಿನ ರಾಯಚೂರು ಜಿಲ್ಲೆಯ ಲಿಂಗಸುಗೂರು ಸೀಮೆಯ ಅಮರೇಶ್ವರದಿಂದ ಕಲ್ಯಾಣಕ್ಕೆ ಬಂದ ಈ ದಂಪತಿಗಳ ಕಾಯಕವೆಂದರೆ ಬಸವಣ್ಣನವರ ಮಹಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು, ಅದನ್ನು ಬೇಯಿಸಿ ಜಂಗಮದಾಸೋಹ ಮಾಡುವುದು. ಒಂದು ದಿನ ಮಾರಯ್ಯನವರು ಕಾಯಕದ ಮಹಿಮೆಯನ್ನು ಕುರಿತು ಪ್ರಭುದೇವರೊಡನೆ ಅನುಭಾವಗೋಷ್ಠಿಯಲ್ಲಿ ತೊಡಗಿ ಮೈಮರೆತರು. ಕಾಯಕದ ವಿಷಯವಾಗಿ ಮಾತನಾಡುತ್ತ ಕಾಯಕದ ಹೊತ್ತನ್ನೇ ಮೀರಿದರೆಂಬುದು ಇಲ್ಲಿಯ ಸ್ವಾರಸ್ಯ. ಲಕ್ಕಮ್ಮನವರು ನೆನಪಿಸಿದಾಗ ಅವರು ಎಚ್ಚತ್ತು ಓಡಿಹೋಗಿ, ದಿನದ ಅಳತೆಗಿಂತ ಹೆಚ್ಚು ಅಕ್ಕಿಯನ್ನು ತಂದರು. ಆ ತಾಯಿ ಅದನ್ನು ಸ್ವೀಕರಿಸಲಿಲ್ಲ. ಆಸೆಯೆಂಬುದು ಅರಸರಿಗೆ ಸಲ್ಲುವುದೇ ಹೊರತು ಶಿವಭಕ್ತರಿಗಲ್ಲವೆಂಬ ಭಾವದಿಂದ, ಹೆಚ್ಚಿನದನ್ನು ತಂದ ಸ್ಥಳದಲ್ಲಿಯೇ ಸುರಿದು ಬರಬೇಕೆಂದು ಕಳುಹಿಸಿದರು. ಮಾರಯ್ಯನವರು ಹಾಗೆಯೇ ಮಾಡಿದರು. ಅಲ್ಲಿಂದ ಮುಂದೆ ಪತಿಯು ಪ್ರಶ್ನಿಸುವುದು, ಸತಿಯು ಉತ್ತರಿಸುವುದು ಮೊದಲಾಗುತ್ತದೆ.

ಬೃಹದಾರಣ್ಯಕದಲ್ಲಿ ಯಾಜ್ಞವಲ್ಕ್ಯ-ಮೈತ್ರೇಯಿಯರ ಸಂವಾದವುಂಟು. ಮನೆಯನ್ನು ಬಿಟ್ಟು ಹೊರಟ ಋಷಿಯು ಆಸ್ತಿಯನ್ನು ಹಂಚುವೆನೆಂದಾಗ, ಸಂಪತ್ತಿನಿಂದ ಅಮೃತತ್ವವು ದೊರೆಯುವುದೇ ಎಂದು ಮೈತ್ರೇಯಿಯು ಕೇಳುತ್ತಾಳೆ. ಮೈತ್ರೇಯಿಯು ಆಸ್ತಿಯನ್ನು ಬೇಡವೆಂದಳು. ಲಕ್ಕಮ್ಮನವರು ಅಕ್ಕಿಯನ್ನು ಬೇಡವೆಂದರು. ಇಬ್ಬರ ನಿಸ್ಪೃಹತೆಯೂ ಒಂದೇ. ಆದರೆ ಅಲ್ಲಿ ಬೋಧಿಸುವವನು ಪತಿ, ಅದೂ ಸಂಸಾರದಿಂದ ಹೊರಡುವ ಹೊತ್ತಿನಲ್ಲಿ. ಇಲ್ಲಿ ಬೋಧಿಸುವವಳು ಸತಿ, ಅದೂ ಸಂಸಾರದ ನಟ್ಟನಡುವೆ, ಒಲೆಯ ಮೇಲೆ ಎಸರಿಟ್ಟ ಹೊತ್ತಿನಲ್ಲಿ. ಮೋಳಿಗೆಯ ಮಾರಯ್ಯನವರ ಪ್ರಸಂಗದಲ್ಲಿಯೂ ಇದೇ ಕ್ರಮವನ್ನು ಕಾಣಬಹುದು. ಕಾಶ್ಮೀರದ ಅರಸುತನವನ್ನು ಬಿಟ್ಟು ಬಂದು ಕಟ್ಟಿಗೆಯ ಹೊರೆ ಮಾರಿದರೆಂದು ಪ್ರತೀತಿಯಿರುವ ಆ ಶರಣರು ಐಕ್ಯಪದವಿಯನ್ನು ಬಯಸಿದಾಗ, ಇದ್ದಲ್ಲಿ ಇಲ್ಲದ ಕೈಲಾಸವು ಬೇರೆಲ್ಲಿಯೂ ಇಲ್ಲವೆಂದು ತಿಳಿಯಪಡಿಸಿದವರು ಅವರ ಮಡದಿ ಮಹಾದೇವಮ್ಮನವರು.

ಇನ್ನೊಂದು ಸಂಗತಿಯು ಅವಧಾರಣೀಯವಾಗಿದೆ. ಮಾರಯ್ಯನವರ ವಚನಗಳ ಅಂಕಿತ ಅಮರೇಶ್ವರಲಿಂಗ. ಲಕ್ಕಮ್ಮನವರದು ಮಾರಯ್ಯಪ್ರಿಯ ಅಮರೇಶ್ವರಲಿಂಗ. ಗಂಡನನ್ನು ತಿದ್ದಿದ ಆಕೆ ತನ್ನ ಮಾತಿನ ಕೊನೆಯಲ್ಲಿ ಗಂಡನ ಹೆಸರನ್ನೇ ಇಟ್ಟಿದ್ದಾಳೆ. ಲಕ್ಕಮ್ಮನ ಪಾತ್ರಧಾರಿಯು ನೆನಪಿನಲ್ಲಿಡಬೇಕಾದುದು ಇದನ್ನು. ಬಿರುಸಾಗಿ ಗದರಿಸಿದರೆ ಅಂಕಿತಕ್ಕೆ ದ್ರೋಹ. ಮುದ್ದುಮಾತಿನಲ್ಲಿ ಮುಚ್ಚಿ ಹೇಳಿದರೆ ಸತ್ಯಕ್ಕೆ ದ್ರೋಹ. ಆಲಂಕಾರಿಕರು ಹೇಳಿದ ಕಾಂತಾಸಮ್ಮಿತದಲ್ಲಿ ಸಿಹಿಯುಂಟು, ನೇರವಿಲ್ಲ. ಲಕ್ಕಮ್ಮನವರ ಬೋಧೆಯಲ್ಲಿ ಒಲವೂ ಉಂಟು, ನೇರವೂ ಉಂಟು.

ಅಭ್ಯಾಸಕ್ಕೊಂದು ದೃಶ್ಯ

ಕೆಳಗಿನ ಕಿರುದೃಶ್ಯವು ಶರಣರ ವಚನವಲ್ಲ. ಪ್ರಸಂಗದ ಭಾವವನ್ನು ಅನುಸರಿಸಿ ಅಭ್ಯಾಸಕ್ಕಾಗಿ ಆಡುಮಾತಿಗೆ ಸಮೀಪವಾಗಿ ರಚಿಸಿದ್ದು. ಶಾಲೆಯ ಮಕ್ಕಳಾಗಲಿ ಅಕ್ಕನ ಬಳಗದವರಾಗಲಿ ಇದನ್ನು ಆಡಿನೋಡಬಹುದು.

(ಕಲ್ಯಾಣದಲ್ಲಿ ಮಾರಯ್ಯನ ಗುಡಿಸಲು. ಒಲೆ, ಮಡಕೆ, ಮೊರ. ಲಕ್ಕಮ್ಮ ಒಲೆಯ ಮುಂದಿದ್ದಾಳೆ. ಮಾರಯ್ಯ ಗಂಟು ಹಿಡಿದುಕೊಂಡು ಉತ್ಸಾಹದಿಂದ ಬರುತ್ತಾನೆ.)

ಮಾರಯ್ಯ: ಲಕ್ಕಮ್ಮಾ, ಹೊತ್ತು ಮೀರಿತೆಂದು ಕಳುಹಿಸಿದೆಯಲ್ಲ; ಹೊತ್ತು ಮೀರಿದರೂ ಬರಿಗೈಯಲ್ಲಿ ಬರಲಿಲ್ಲ, ನೋಡು.

(ಗಂಟನ್ನು ಮೊರದಲ್ಲಿ ಇಡುತ್ತಾನೆ. ಲಕ್ಕಮ್ಮ ಅದನ್ನು ಕೈಯಲ್ಲೆತ್ತಿ ನೋಡುತ್ತಾಳೆ.)

ಲಕ್ಕಮ್ಮ: ಭಾರವಾಗಿದೆ, ಅಯ್ಯಾ.

ಮಾರಯ್ಯ: ಇಂದು ಅಂಗಳದ ತುಂಬ ಚೆಲ್ಲಿತ್ತು.

ಲಕ್ಕಮ್ಮ: ಮಹಮನೆಯ ಅಂಗಳದಲ್ಲಿ ಎಂದು ಚೆಲ್ಲಿರುವುದಿಲ್ಲ? ದಿನವೂ ನೀವು ಇಷ್ಟು ತರುವುದಿಲ್ಲ.

ಮಾರಯ್ಯ: ತಂದದ್ದು ದಾಸೋಹಕ್ಕೆ ತಾನೆ? ನನಗೂ ಅಲ್ಲ, ನಿನಗೂ ಅಲ್ಲ.

ಲಕ್ಕಮ್ಮ: ಆಗಲಿ. ನಿನ್ನೆ ತಂದ ಅಕ್ಕಿ ಯಾರಿಗೆ ಸಾಲದೆ ಹೋಯಿತು?

(ಮಾರಯ್ಯ ಉತ್ತರ ಕೊಡಲು ಬಾಯಿ ತೆರೆದು, ನಿಲ್ಲಿಸುತ್ತಾನೆ.)

ಮಾರಯ್ಯ: ಯಾರಿಗೂ ಸಾಲದೆ ಹೋಗಲಿಲ್ಲ.

ಲಕ್ಕಮ್ಮ: ಹಾಗಾದರೆ ಈ ಹೆಚ್ಚಿನದು ಯಾರ ಹಸಿವಿಗೆ?

ಮಾರಯ್ಯ: ನಾಳೆ ಎಂಬುದೊಂದು ಇದೆಯಲ್ಲ.

ಲಕ್ಕಮ್ಮ: ನಾಳೆ ನಿಮ್ಮ ಕೈಗಳೂ ಇರುತ್ತವೆ, ಆ ಅಂಗಳವೂ ಇರುತ್ತದೆ.

(ಮಾರಯ್ಯ ಗಂಟಿನ ಪಕ್ಕದಲ್ಲಿ ಕುಳಿತುಕೊಳ್ಳುತ್ತಾನೆ. ಅವಳ ಮುಖವನ್ನು ನೋಡುವುದಿಲ್ಲ.)

ಮಾರಯ್ಯ: ದಾರಿಯುದ್ದಕ್ಕೂ, ಇದನ್ನು ಕಂಡು ನೀನು ಹಿಗ್ಗುವೆಯೆಂದುಕೊಂಡು ಬಂದೆ.

ಲಕ್ಕಮ್ಮ: ನೀವು ಬಂದುದಕ್ಕೆ ಹಿಗ್ಗಿದೆ. ಅಯ್ಯಾ, ಹೊತ್ತು ಮೀರಿದ ನಾಚಿಕೆಯನ್ನು ಮುಚ್ಚಲು ಅಕ್ಕಿ ಬೇಕಾಯಿತೆ?

(ದೀರ್ಘವಾದ ಮೌನ. ಒಲೆಯ ಮೇಲೆ ಎಸರು ಕುದಿಯುತ್ತಿದೆ. ಮಾರಯ್ಯ ಗಂಟನ್ನು ಬಿಚ್ಚುತ್ತಾನೆ.)

ಮಾರಯ್ಯ: ಎಷ್ಟು ಇಟ್ಟುಕೊಳ್ಳಲಿ?

ಲಕ್ಕಮ್ಮ: ಅದು ನಿಮ್ಮ ಕೈಗೆ ಗೊತ್ತು.

(ಮಾರಯ್ಯ ಬೊಗಸೆಯಿಂದ ಅಕ್ಕಿಯನ್ನು ಮೊರಕ್ಕೆ ಹಾಕುತ್ತಾನೆ. ಒಂದು ಬೊಗಸೆ. ಇನ್ನೊಂದು. ಮೂರನೆಯದನ್ನು ತುಂಬಿಕೊಂಡ ಕೈ ಗಾಳಿಯಲ್ಲಿಯೇ ನಿಲ್ಲುತ್ತದೆ. ಅದನ್ನು ಗಂಟಿಗೇ ಹಿಂದಿರುಗಿಸಿ, ಗಂಟು ಕಟ್ಟಿ, ಎದ್ದು ಹೊರಡುತ್ತಾನೆ. ಲಕ್ಕಮ್ಮ ಮೊರದಲ್ಲಿದ್ದ ಅಕ್ಕಿಯನ್ನು ಕೇರತೊಡಗುತ್ತಾಳೆ.)

ನಟರಿಗೆ ಕೆಲವು ಸೂಚನೆಗಳು

ಭರತಮುನಿಯು ಆಂಗಿಕ, ವಾಚಿಕ, ಆಹಾರ್ಯ, ಸಾತ್ತ್ವಿಕವೆಂದು ಅಭಿನಯವನ್ನು ನಾಲ್ಕಾಗಿ ವಿಂಗಡಿಸಿದ್ದಾನೆ. ಬೋಧಿಸುವವನ ಪಾತ್ರವು ಬಹುಮಟ್ಟಿಗೆ ವಾಚಿಕದಿಂದ ನಡೆಯುವುದು. ಕೇಳುವವನ ಪಾತ್ರಕ್ಕೆ ಸಾತ್ತ್ವಿಕವೇ ಪ್ರಾಣ. ಎಂಟು ಸಾತ್ತ್ವಿಕಭಾವಗಳಲ್ಲಿ ಮೊದಲನೆಯದು ಸ್ತಂಭ, ಎಂದರೆ ಮೈ ತಟಸ್ಥವಾಗಿ ನಿಲ್ಲುವುದು. ಮೂರನೆಯ ಬೊಗಸೆಯು ಗಾಳಿಯಲ್ಲಿ ನಿಂತ ಕ್ಷಣವೇ ಆ ಸ್ತಂಭ. ಅಲ್ಲಿ ಮಾತಿಲ್ಲ, ಪದವಿಲ್ಲ, ವಾದ್ಯವೂ ಬೇಡ. ಪ್ರೇಕ್ಷಕನು ಆ ಕೈಯನ್ನು ನೋಡುತ್ತ ತನ್ನ ಕೈಯನ್ನು ನೆನೆಯಬೇಕು.

ಮಾರಯ್ಯನ ಪಾತ್ರಧಾರಿಯು ಮೊದಲು ತಿಳಿಯಬೇಕಾದುದು ಆತನು ಲೋಭಿಯಲ್ಲವೆಂಬುದನ್ನು. ಲೋಭಿಯನ್ನು ತಿದ್ದಿದರೆ ನೋಡುವವರು ನಕ್ಕು ಮನೆಗೆ ಹೋಗುವರು. ತಾವು ಲೋಭಿಗಳಲ್ಲವೆಂದು ಪ್ರತಿಯೊಬ್ಬರ ನಂಬಿಕೆ. ಮಾರಯ್ಯನು ತಂದುದು ಪರರಿಗೆ ಉಣಿಸುವುದಕ್ಕೆ. ಆತನ ಕಾರಣಗಳು ಒಂದಕ್ಕಿಂತ ಒಂದು ಒಳ್ಳೆಯವು: ಅಂಗಳದಲ್ಲಿ ಚೆಲ್ಲಿತ್ತು, ದಾಸೋಹಕ್ಕೆ ಬೇಕು, ನಾಳೆಗೆ ಆದೀತು. ಒಳ್ಳೆಯ ಕಾರಣಗಳ ಹಿಂದೆ ಅಡಗಿದ ಚಿಕ್ಕ ನಾಚಿಕೆಯೊಂದನ್ನು ಲಕ್ಕಮ್ಮನು ಕಂಡಳು. ಆದಕಾರಣ ಪಾತ್ರಧಾರಿಯು ಆರಂಭದಲ್ಲಿ ನಿಜವಾದ ಉಲ್ಲಾಸದಿಂದ ಬರಬೇಕು. ಬರುವಾಗಲೇ ಅಪರಾಧಿಯಂತೆ ತಲೆತಗ್ಗಿಸಿದರೆ ದೃಶ್ಯವು ಅಲ್ಲಿಯೇ ಮುಗಿಯಿತು.

ಲಕ್ಕಮ್ಮನ ಪಾತ್ರಧಾರಿಣಿಯು ಪ್ರೇಕ್ಷಕರ ಕಡೆಗೆ ತಿರುಗಿ ಮಾತನಾಡಬಾರದು. ಆಕೆಯ ಮಾತು ಸಭೆಗಲ್ಲ, ಗಂಡನಿಗೆ. ಕೈಯಲ್ಲಿ ಮನೆಯ ಕೆಲಸ ನಡೆಯುತ್ತಿರಬೇಕು. ಪ್ರಶ್ನೆ ಕೇಳಿದ ಮೇಲೆ ಉತ್ತರಕ್ಕೆ ಕಾಯಬೇಕು. ಕಾಯುವುದೂ ಬೋಧೆಯ ಒಂದು ಭಾಗವೇ. "ಅದು ನಿಮ್ಮ ಕೈಗೆ ಗೊತ್ತು" ಎಂಬ ಮಾತಿನಲ್ಲಿ ಆಕೆಯು ಅಳತೆಯನ್ನು ತಾನೇ ಹೇಳದೆ ಗಂಡನಿಗೆ ಬಿಟ್ಟುಕೊಟ್ಟಿದ್ದಾಳೆ. ಶಿಷ್ಯನಲ್ಲಿ ಮೊದಲೇ ಇರುವ ಅರಿವನ್ನು ಅವನಿಗೇ ಹಿಂದಿರುಗಿಸುವ ಈ ಗೌರವವು ತಪ್ಪಿದರೆ ಬೋಧೆಯು ಅಪ್ಪಣೆಯಾಗುವುದು.

ವೇಷಭೂಷಣಗಳಲ್ಲಿ ಆಡಂಬರ ಬೇಡ. ಅಕ್ಕಿಯನ್ನು ಮಾತ್ರ ನಿಜವಾದ ಅಕ್ಕಿಯನ್ನೇ ಬಳಸಬೇಕು. ಬರಿಯ ಗಂಟನ್ನು ಹಿಡಿದು ನಟಿಸಿದರೆ ಭಾರವು ಕಾಣದು. ಬೊಗಸೆಯಿಂದ ಮೊರಕ್ಕೆ ಬೀಳುವ ಕಾಳಿನ ಸದ್ದು ಹಿಂದೆ ಕುಳಿತವನಿಗೂ ಕೇಳಿಸಬೇಕು. ದೃಶ್ಯ ಮುಗಿದ ಮೇಲೆ ಆ ಅಕ್ಕಿಯು ದಾಸೋಹದ ಮನೆಗೆ ಹೋಗಲಿ. ಕೊನೆಯದಾಗಿ, ಎರಡು ಮಕ್ಕಳಿಗೆ ಇದನ್ನು ಕಲಿಸುವಾಗ ಒಂದು ದಿನ ಒಬ್ಬರು ಲಕ್ಕಮ್ಮನಾಗಲಿ, ಮರುದಿನ ಅವರೇ ಮಾರಯ್ಯನಾಗಲಿ. ಹೇಳುವುದನ್ನು ಮಾತ್ರ ಕಲಿತ ಮಗುವಿಗೆ ನಾಲಿಗೆ ಬಲಿಯುವುದು. ಕೇಳುವುದನ್ನೂ ಕಲಿತ ಮಗುವಿಗೆ ಮನಸ್ಸು ಬಲಿಯುವುದು.

ಗೃಹಸ್ಥರಿಗೆ

ಇಷ್ಟು ದೂರ ಓದಿದ ಸದ್ಭಕ್ತರು, ಇದು ನಟರ ವಿಷಯ, ತಮಗೆ ಸಂಬಂಧವಿಲ್ಲವೆಂದು ತಿಳಿಯಬಾರದು. ರಂಗದ ಮೇಲೆ ಮಾರಯ್ಯನ ಪಾತ್ರವು ಯಾರೋ ಒಬ್ಬನಿಗೆ ವರ್ಷಕ್ಕೊಮ್ಮೆ ದೊರೆಯುವುದು. ಮನೆಯಲ್ಲಿ ಅದು ಪ್ರತಿಯೊಬ್ಬ ಗೃಹಸ್ಥನಿಗೂ ದಿನಕ್ಕೊಮ್ಮೆ ದೊರೆಯುವುದು. ಅಂಗಡಿಯ ಲೆಕ್ಕದಲ್ಲಿ ಕಂಡುಬಂದ ಹೆಚ್ಚಿನ ಲಾಭದ ಕುರಿತು ಮಗನೊಂದು ಪ್ರಶ್ನೆ ಕೇಳಿದಾಗ. ಕಣದಲ್ಲಿ ಕೂಲಿಯ ಅಳತೆ ಕಡಿಮೆಯಾಯಿತೆಂದು ಆಳು ಮೆಲ್ಲನೆ ನುಡಿದಾಗ. ಮಠದ ಕಾರ್ಯದಲ್ಲಿ ಮುಳುಗಿ ಮನೆಯ ರೋಗಿಯನ್ನು ಮರೆತಿರೆಂದು ಮಡದಿಯು ನೆನಪಿಸಿದಾಗ, ಪರದೆ ಮೇಲಕ್ಕೇರಿತೆಂದು ತಿಳಿಯಬೇಕು. ಆ ಹೊತ್ತಿನಲ್ಲಿ ಒಳ್ಳೆಯ ಕಾರಣಗಳು ಸಾಲಾಗಿ ನಾಲಿಗೆಗೆ ಬರುವುವು. ಹೇಳುವವನು ಕಿರಿಯನೆಂದೋ, ಹೆಂಗಸೆಂದೋ, ಓದದವನೆಂದೋ ಮನಸ್ಸು ಆತನ ಮಾತನ್ನು ತೂಕ ಮಾಡುವ ಮೊದಲು ಆತನನ್ನೇ ತೂಗತೊಡಗುವುದು. ಮಾರಯ್ಯನವರು ಪ್ರಭುದೇವರ ಗೋಷ್ಠಿಯಲ್ಲಿ ಕುಳಿತು ಬಂದವರು. ಅಂಥ ಗೋಷ್ಠಿಯಿಂದ ಎದ್ದು ಬಂದವರಿಗೆ 'ಅಡಿಗೆಯ ಮನೆಯಲ್ಲಿ ಕಲಿಯುವುದೇನಿದೆ?' ಎನ್ನುವುದು ಸುಲಭವಾಗಿತ್ತು. ಅವರು ಹಾಗೆನ್ನಲಿಲ್ಲ.

ಬೋಧಿಸುವುದನ್ನೇ ಕಾಯಕವಾಗಿ ಉಳ್ಳವರಿಗೆ ಈ ಪಾತ್ರವು ಇನ್ನೂ ಕಠಿಣ. ಶಾಲೆಯಲ್ಲಿ ದಿನವೆಲ್ಲ ಹೇಳಿ ಬಂದ ಅಧ್ಯಾಪಕನಿಗೆ, ಮಂಟಪದಲ್ಲಿ ಪ್ರವಚನ ಮಾಡಿ ಬಂದ ಶಾಸ್ತ್ರಿಗೆ ಕಿವಿಯು ತಾನಾಗಿಯೇ ಮುಚ್ಚಿಕೊಳ್ಳುವ ರೂಢಿಯಾಗುತ್ತದೆ. ಪಾಠವು ತನ್ನಿಂದ ಹೊರಗೆ ಹರಿಯುವುದಕ್ಕಾಗಿಯೇ ಇದೆಯೆಂದು ಅವರು ನಂಬಿಬಿಡುತ್ತಾರೆ. ಮುಕ್ತಾಯಕ್ಕನವರು ಪ್ರಭುದೇವರನ್ನೇ ಕೇಳಿದ ಪ್ರಶ್ನೆಯನ್ನು ಅಂಥವರು ದಿನಕ್ಕೊಮ್ಮೆ ತಮ್ಮನ್ನು ತಾವು ಕೇಳಿಕೊಳ್ಳುವುದು ಲೇಸು.

ಲಕ್ಕಮ್ಮನವರ ಪ್ರಸಂಗದಲ್ಲಿ ಜನರು ಸಾಮಾನ್ಯವಾಗಿ ಮೆಚ್ಚುವುದು ಆಕೆಯ ನಿಷ್ಠುರತೆಯನ್ನು. ಅದು ಮೆಚ್ಚತಕ್ಕದ್ದೇ. ಆದರೆ ಆಕೆಯ ಮಾತು ಫಲಿಸಿದುದು ಮಾರಯ್ಯನವರು ಗಂಟನ್ನು ಹೊತ್ತು ಮತ್ತೆ ಆ ದಾರಿಯಲ್ಲಿ ನಡೆದುದರಿಂದ. ಹೋಗುವಾಗ ದಾರಿಯಲ್ಲಿ ಎದುರಾದ ಶರಣರು "ಏನು ಮಾರಯ್ಯಾ, ಅಕ್ಕಿಯನ್ನು ತಿರುಗಿ ಒಯ್ಯುತ್ತಿರುವೆಯೇಕೆ?" ಎಂದು ಕೇಳಿದ್ದರೆ ಅವರು ಏನೆಂದು ಉತ್ತರಿಸಿರಬಹುದು? ಪ್ರಸಂಗವನ್ನು ಆಡುವ ಮಕ್ಕಳಿಗೆ ಈ ಪ್ರಶ್ನೆಯನ್ನು ಕೊಟ್ಟು ಉತ್ತರವನ್ನು ಅವರಿಂದಲೇ ಹೇಳಿಸಬೇಕು. "ಮನೆಯಲ್ಲಿ ಹೇಳಿದರು, ನಿಜವೆನಿಸಿತು" ಎಂದು ಯಾವ ಮಗು ಸಂಕೋಚವಿಲ್ಲದೆ ಹೇಳಬಲ್ಲದೋ, ಆ ಮಗುವಿಗೆ ಮಾರಯ್ಯನ ಪಾತ್ರವನ್ನು ಕೊಡಬಹುದು.